ಗಟ್ಟಿ ಇರೋದು ಬೇರೆ, ಕೆಡದೇ ಓಡೋದು ಬೇರೆ

ಹಳೇ ಸುರಂಗ ರೈಲು ಕೈಕೊಡಲ್ಲ, ಹೊಸವು ಬರೀ ಥಳುಕು ಅಂದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ನ್ಯೂಯಾರ್ಕಿನ ಆರ್‌32 ರೈಲುಗಳು 1964ರಿಂದ 2022ರವರೆಗೆ ಓಡಿದವು, ಆ ಸ್ಟೀಲ್ ಮೈ ಅಷ್ಟು ಗಟ್ಟಿ. ಆದರೆ ಹಳೇ ಡಿಸಿ (ಒಂದೇ ದಿಕ್ಕಿನ ಕರೆಂಟಿನ) ಮೋಟಾರಿನ ಕಾರ್ಬನ್ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ಉಜ್ಜುತ್ತಾ ಕರೆಂಟ್ ಕೊಡುವ ತುಂಡು, ಸವೆಯುತ್ತಲೇ ಇರುತ್ತದೆ, ಆಗಾಗ ಬದಲಿಸುತ್ತಲೇ ಇರಬೇಕು. ಹೊಸ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನ) ಮೋಟಾರಿನಲ್ಲಿ ಆ ಬ್ರಷ್ಷೇ ಇಲ್ಲ! ಹೊಸ ರೈಲು ಶುರುವಿನಲ್ಲಿ ಸಾಫ್ಟ್‌ವೇರ್, ಬಾಗಿಲು ಅಂತ ಕಾಡಬಹುದು. ಅಷ್ಟನ್ನೇ ನೋಡಿ ತೀರ್ಪು ಕೊಟ್ಟರೆ ಹೇಗೆ? ಸೀಟಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆಯೇ. ಮೆತ್ತನೆ ಸೀಟು ಹೋಗಿ ನುಣುಪು ಪ್ಲಾಸ್ಟಿಕ್ ಬಂದಮೇಲೆ, ಬ್ರೇಕ್ ಹಾಕಿದಾಗಲೆಲ್ಲ ಸುಮ್ನೆ ಕೂತಿದ್ದವನು ಪಕ್ಕದವರ ಮೇಲೆ ಜಾರಿ ಸಾರಿ ಕೇಳ್ತಾ ಇರ್ತೀನಿ.