ಗೋಡೆಯಲ್ಲಿ ಇದ್ದದ್ದು ಒಂದೇ ಮೊಳೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವು, ಮಾಹಿತಿಯಿಲ್ಲದೆ ನಾವೆಲ್ಲ ಬಳಲುತ್ತಿದ್ದೇವೆಂಬುದನ್ನು ತಾನೇ ಕಂಡುಹಿಡಿದು, ಸರ್ವಸದಸ್ಯರ ಸಭೆಯಲ್ಲಿ ಕಾಫಿ ಬರುವಷ್ಟರೊಳಗೆ ನಿರ್ಣಯವನ್ನೂ ಅಂಗೀಕರಿಸಿ, ಪ್ರತಿಯೊಂದು ಅಡುಗೆಮನೆಯ ಗೋಡೆಗೂ ಒಂದೊಂದು ಡಿಜಿಟಲ್ ಫಲಕವನ್ನು ಜಡಿಸಿದೆ. ನಮ್ಮ ಗೋಡೆಯಲ್ಲಿದ್ದ ಒಂದೇ ಒಂದು ಮೊಳೆಯನ್ನು ಕಿತ್ತು, ಅದರಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ಫ್ರಿಜ್ಜಿನ ಮೇಲೆ ಮಲಗಿಸಲಾಯಿತು.

ಪದಚ್ಯುತವಾದ ಆ ಕ್ಯಾಲೆಂಡರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹಾಲಿನ ಪ್ಯಾಕೆಟ್ಟಿಗೊಂದು ಗೀಟು, ಹಾಲು ಬಾರದ ದಿನಕ್ಕೆ ಸೊನ್ನೆ, ಸಿಲಿಂಡರ್ ಬದಲಿಸಿದ ದಿನಕ್ಕೆ ‘ಗ್ಯಾ’ ಎಂಬ ಒಂದೇ ಅಕ್ಷರ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್. ಒಗ್ಗರಣೆ ಸೀಯದಂತೆ ನೋಡಿಕೊಳ್ಳುತ್ತಲೇ ಅಮ್ಮ ಕಡೆಗಣ್ಣಿನಲ್ಲಿ ತಿಂಗಳ ಲೆಕ್ಕವನ್ನು ಓದಿಬಿಡುತ್ತಿದ್ದರು. ಹೊಸ ಫಲಕದಲ್ಲಿ ಅದೇ ಗೀಟನ್ನು ಎಳೆಯಲು ಆರಂಕಿಯ ಒಟಿಪಿ ಬೇಕು. ಒಟಿಪಿ ಬರುವ ಮೊಬೈಲ್ ಕಚೇರಿಯಲ್ಲಿ ನನ್ನ ಜೇಬಿನಲ್ಲಿರುತ್ತದೆ. ಹೀಗಾಗಿ ದಿನವೂ ಹನ್ನೊಂದು ಗಂಟೆಗೆ, ಸಾಹೇಬರ ಎದುರಿನಲ್ಲಿ ನಿಂತೇ, ಅರ್ಧ ಲೀಟರ್ ಹಾಲಿಗೆ ನಾನು ಅನುಮತಿ ನೀಡುತ್ತಿರುತ್ತೇನೆ.

ಹಾಗೆಂದು ಫಲಕವೇನೂ ಅಜ್ಞಾನಿಯಲ್ಲ. ಕೃಷ್ಣರಾಜಸಾಗರದ ನೀರು 124.80 ಅಡಿಯ ಗರಿಷ್ಠ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೆಂಬುದನ್ನು ಎರಡು ದಶಮಾಂಶ ಸ್ಥಾನಗಳವರೆಗೆ ತೋರಿಸುವ ಅದು, ನಮ್ಮ ತಲೆಯ ಮೇಲೆಯೇ ಇರುವ ಟ್ಯಾಂಕಿನ ಸಮಾಚಾರ ಕೇಳಿದರೆ ‘ಶೀಘ್ರದಲ್ಲೇ ನಿರೀಕ್ಷಿಸಿ’ ಎನ್ನುತ್ತದೆ. ಟ್ಯಾಂಕು ತುಂಬಿದ್ದನ್ನು ಈಗಲೂ ಓವರ್‌ಫ್ಲೋ ಪೈಪೇ ಧೋ ಎಂದು ಸುರಿದು ತಿಳಿಸಬೇಕು. ರಾತ್ರಿ ಎರಡು ಗಂಟೆಗೆ ಮಾತ್ರ ಫಲಕ ಟಿಂಗ್ ಎಂದು ಎಬ್ಬಿಸಿ, ಎಲ್ಲವೂ ಸರಿಯಾಗಿದೆ ಎಂದು ವರದಿ ಒಪ್ಪಿಸುತ್ತದೆ.

ಕಂಪ್ಯೂಟರ್ ಕಸುಬಿನ ಹಿರಿಯರೇನೂ ಇಂಥದ್ದನ್ನು ಕೇಳಿರಲಿಲ್ಲ. ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಮಾರ್ಕ್ ವೈಸರ್, ಕಂಪ್ಯೂಟರು ದಿನನಿತ್ಯದ ಬದುಕಿನೊಳಗೆ ಹೆಣೆದುಕೊಂಡು ಕಣ್ಣಿಗೇ ಬೀಳದಂತಾಗಬೇಕೆಂದು 1991ರಲ್ಲೇ ಬರೆದಿದ್ದರು. ಅಲ್ಲಿಯೇ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಎಂಟು ಅಡಿ ಉದ್ದದ ಪ್ಲಾಸ್ಟಿಕ್ ದಾರವೊಂದನ್ನು ಪುಟ್ಟ ಮೋಟಾರಿಗೆ ಸಿಕ್ಕಿಸಿ ಚಾವಣಿಯಿಂದ ಇಳಿಬಿಟ್ಟಿದ್ದರು. ನೆಟ್‌ವರ್ಕಿನಲ್ಲಿ ದಟ್ಟಣೆ ಹೆಚ್ಚಿದರೆ ದಾರ ಗಿರ್ರನೆ ಸುತ್ತುತ್ತಿತ್ತು, ಇಲ್ಲದಿದ್ದರೆ ಆಗೊಮ್ಮೆ ಈಗೊಮ್ಮೆ ಮಿಸುಕುತ್ತಿತ್ತು. ಬೇಕಾದವರು ಅತ್ತ ನೋಡುತ್ತಿದ್ದರು, ಬೇಡದವರು ತಮ್ಮ ಕೆಲಸ ಮಾಡಿಕೊಂಡಿರುತ್ತಿದ್ದರು. ಇದನ್ನು ಸಂಘದ ಕಾರ್ಯದರ್ಶಿಗಳಿಗೆ ವಿನಯದಿಂದಲೇ ಅರಿಕೆ ಮಾಡಿಕೊಂಡೆ. ಅವರು ನನ್ನನ್ನು ಕನಿಕರದಿಂದ ನೋಡಿ, “ಬರೀ ದಾರ ಕಟ್ಟಿದ್ರೆ ಉದ್ಘಾಟನೆಗೆ ಯಾರನ್ನ ಕರೆಯೋದು ಸಾರ್?” ಎಂದರು.

ಅಮ್ಮ ಯಾರಿಗೂ ಅರಿಕೆ ಮಾಡಿಕೊಳ್ಳಲಿಲ್ಲ. ಫಲಕದ ಮೇಲ್ತುದಿಯ ಸ್ಕ್ರೂಗೆ ಕ್ಯಾಲೆಂಡರನ್ನೂ ಪೆನ್ಸಿಲನ್ನೂ ಮತ್ತೆ ತೂಗುಹಾಕಿದ್ದಾರೆ. ಟಿಂಗ್ ಎಂದಾಗ ಎದ್ದು ಬಂದರೆ, ದೀಪ ಹಾಕದೆಯೇ, ಕಾಗದದ ಹಿಂದಿನಿಂದ ಸೋಸಿ ಬರುವ ನೀಲಿ ಬೆಳಕಿನಲ್ಲಿ ‘ಗ್ಯಾ’ ಬರೆದು ಎಷ್ಟು ದಿನವಾಯಿತೆಂದು ಎಣಿಸಬಹುದು.