ಸ್ಕೂಟರು ಕ್ಷಿಪಣಿ ಅಲ್ಲ ಮಹಾಸ್ವಾಮೀ

"ಆ ಮಾಡೆಲ್ ಲೇಟ್ ಆಗ್ತತ್ರಿ ಸರ್, ಮೋಟಾರಿಗೆ ಚೀನಾದಿಂದ ಮ್ಯಾಗ್ನೆಟ್ ಬರಬೇಕ್ರಿ" ಎಂದ ದಾವಣಗೆರೆಯ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿನ ಹುಡುಗ, ಸೀಟು ಒರೆಸುತ್ತಲೇ. ಹಿಂದಿನ ಗೋಡೆಯಲ್ಲಿ ಆತ್ಮನಿರ್ಭರದ ಪೋಸ್ಟರು.

2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳಿಗೂ (ರೇರ್ ಅರ್ಥ್) ಅವು ಸೇರಿದ ಮ್ಯಾಗ್ನೆಟ್ಟಿಗೂ ರಫ್ತು ಲೈಸೆನ್ಸ್ ಹೇರಿದ ಕಥೆ ನಿಮಗೆ ಗೊತ್ತೇ ಇದೆ. ಜಗತ್ತಿನ ಇಂಥ ಮ್ಯಾಗ್ನೆಟ್ಟಿನಲ್ಲಿ ನೂರಕ್ಕೆ ಸುಮಾರು 90 ಅವರದೇ ತಯಾರಿ. ಬೇಕಾದವರು "ಇದನ್ನು ಯುದ್ಧಕ್ಕೆ ಬಳಸುವುದಿಲ್ಲ" ಎಂದು ಬರೆದುಕೊಟ್ಟು, ದೆಹಲಿಯಲ್ಲಿ ಠಸ್ಸೆ ಒತ್ತಿಸಿ, ಚೀನಾ ರಾಯಭಾರ ಕಚೇರಿಯ ಮುಂದೆ ಕಾಯಬೇಕಾಯಿತು. ಹದಡಿ ರಸ್ತೆಯಲ್ಲಿ ಮಗಳನ್ನು ಟ್ಯೂಷನ್ನಿಗೆ ಬಿಡುವ ಸ್ಕೂಟರು ಕ್ಷಿಪಣಿಯಲ್ಲ ಎಂದು ಬೀಜಿಂಗನ್ನು ಒಪ್ಪಿಸಬೇಕು. ಆ ರಸ್ತೆಯ ಗುಂಡಿಗಳ ಫೋಟೊ ಮಾತ್ರ ಕಳಿಸಬೇಡಿ, ಬಾಂಬ್ ಬಿದ್ದಿದೆ ಅಂದುಕೊಂಡಾರು.

ಅಷ್ಟಕ್ಕೂ ಆ ಮ್ಯಾಗ್ನೆಟ್ಟಿನ ಮೂರರಲ್ಲಿ ಎರಡು ಪಾಲು ಬರೀ ಕಬ್ಬಿಣ! ಹೊಳಲ್ಕೆರೆ ಕಡೆ ಅದಿರು ಲಾರಿಗಳು ಉದುರಿಸಿ ಹೋಗುವ ಕಬ್ಬಿಣ. ಮೆಕ್ಕೆಜೋಳದ ಗರಿಯ ಮೇಲೆ, ಒಣಹಾಕಿದ ಪಂಚೆಯ ಮೇಲೆ ಕೆಂಪಗೆ ಕೂತಿರುತ್ತದಲ್ಲ, ಅದೇ. ಉಳಿದದ್ದು ನಿಯೋಡಿಮಿಯಂ, ಚೂರು ಬೋರಾನ್, ಬಿಸಿ ತಾಳಲೆಂದು ಚಿಟಿಕೆ ಡಿಸ್‌ಪ್ರೋಸಿಯಂ. ಲೈಸೆನ್ಸು ಬೇಕಾದದ್ದು ಆ ಚಿಟಿಕೆಗೆ.

ಮ್ಯಾಗ್ನೆಟ್ ಇಲ್ಲದೆಯೂ ಮೋಟಾರು ತಿರುಗುತ್ತದೆ, ತಾಮ್ರದ ಸುರುಳಿ ಇದ್ದರಾಯಿತು ಎನ್ನುವ ಪಂಡಿತರಿದ್ದಾರೆ. ನಿಜವೇ. ತಾಮ್ರದ ಗಣಿ ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲೇ ಇತ್ತು. ಮುಚ್ಚಿದೆವು.

ಬ್ಯಾಟರಿಯಲ್ಲಾದರೂ ನಾವು ಶೂರರು. ಮಂಡ್ಯದ ಮರ್ಲಗಲ್ಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಕುಣಿದಾಡಿದ್ದೆವು. ಮರುವರ್ಷ ಸಂಸತ್ತಿನಲ್ಲಿ ಅದು 1,600 ಟನ್ನಿಗೆ ಇಳಿಯಿತು. ಉಳಿದದ್ದು ಪತ್ರಿಕೆಗಳ ಹೆಡ್‌ಲೈನಿನಲ್ಲೇ ಖರ್ಚಾಗಿರಬೇಕು.

ತಮಾಷೆ ಸಾಕು. ಕೇರಳ, ಒಡಿಶಾ, ತಮಿಳುನಾಡಿನ ಕಡಲತೀರದ ಮರಳಿನಲ್ಲಿ ನಿಯೋಡಿಮಿಯಂನಂಥ ವಿರಳ ಲೋಹಗಳಿವೆ. ಅದನ್ನು ತೆಗೆಯಲೆಂದೇ 1950ರಲ್ಲಿ ಸರ್ಕಾರಿ ಕಂಪನಿ ಹುಟ್ಟಿತು. 2012ರಲ್ಲಿ ಒಪ್ಪಂದ ಮಾಡಿಕೊಂಡು ಸರಕನ್ನು ಜಪಾನಿಗೆ ಕಳಿಸಿದೆವು, ಮ್ಯಾಗ್ನೆಟ್ಟನ್ನು ಚೀನಾದಿಂದ ತರಿಸಿದೆವು. ಅಕ್ಕಿ ಪಕ್ಕದ ಮನೆಗೆ, ದೋಸೆ ಎದುರು ಮನೆಯಿಂದ. ಮುಕ್ಕಾಲು ಶತಮಾನ ಏನ್ರಪ್ಪಾ ಮಾಡ್ತಿದ್ರಿ? ಚೀನಾ ಬಾಗಿಲು ಹಾಕಿಕೊಂಡ ಮೇಲೆಯೇ ನಮಗೆ ಎಚ್ಚರವಾಗಬೇಕೆ?

2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು: ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್, ಕಾರ್ಖಾನೆ ಎಬ್ಬಿಸಲು ಎರಡು ವರ್ಷ. ಅಶೋಕ ಟಾಕೀಸ್ ರೈಲ್ವೆ ಗೇಟಿನಲ್ಲಿ ನಿಂತು ತಲೆ ನರೆತ ದಾವಣಗೆರೆಯವರಿಗೆ, ಸರ್ಕಾರದ ಎರಡು ವರ್ಷ ಅಂದರೆ ಎಷ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ.