ಪರವಾನಗಿ ಇರುವ ರಕ್ತಪಿಶಾಚಿ

ಮತ್ತೆ ಅದೇ ಸುದ್ದಿ. ಕಂತು ಕಟ್ಟಲಿಲ್ಲ ಅಂತ ಮೈಕ್ರೋಫೈನಾನ್ಸ್ ಸಾಲ ವಸೂಲಿಯವರು ಮನೆ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಸಾಲದ ಬಾಕಿ ಬರೆದು ಹೋದರಂತೆ. ನೀವೂ ಓದಿರುತ್ತೀರಿ, ಓದಿ ಪುಟ ತಿರುವಿರುತ್ತೀರಿ. ಹಿಂದೆ ಬಾಗಿಲ ಮೇಲೆ ನಾವು ‘ನಾಳೆ ಬಾ’ ಅಂತ ಬರೆಯುತ್ತಿದ್ದೆವು. ದೆವ್ವ ಬರುತ್ತಿತ್ತು, ಓದುತ್ತಿತ್ತು, ಮರ್ಯಾದೆಯಿಂದ ವಾಪಸ್ ಹೋಗುತ್ತಿತ್ತು. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ! ಈಗ ಬರೆಯುವ ಕೆಲಸವನ್ನೂ ಅವರೇ ವಹಿಸಿಕೊಂಡಿದ್ದಾರೆ, ಬಣ್ಣವೂ ಅವರದೇ.

1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಕಾದಂಬರಿಯ ರಕ್ತಪಿಶಾಚಿ ಡ್ರಾಕುಲಾಗೆ ಒಂದು ನಿಯಮ ಇದೆ. ಮನೆಯವರು ಯಾರಾದರೂ ಬಾ ಅನ್ನದೆ ಅವನು ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಕರೆದಿರೋ, ಮುಗಿಯಿತು, ಆಮೇಲೆ ಬೇಕಾದಾಗ ಬರಬಹುದು. ಸ್ಟೋಕರ್ ಜೇವರ್ಗಿ, ಅಫಜಲಪುರ ಕಡೆ ಕಾಲಿಟ್ಟವನಲ್ಲ, ಆದರೂ ಸಂಘದ ಸಾಲದ ಕಂಡೀಷನ್ ಅವನಿಗೆ ಪೂರಾ ಗೊತ್ತಿತ್ತು ನೋಡಿ. ಒಂದು ಆಧಾರ್ ಜೆರಾಕ್ಸ್, ಎರಡು ಫೋಟೊ, ಒಂದು ಹೆಬ್ಬೆಟ್ಟು. ಅಲ್ಲಿಗೆ ಕರೆದ ಹಾಗಾಯಿತು. ಆಮೇಲೆ ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೇ ಬಾಗಿಲಲ್ಲಿ ಬೈಕ್. “ಅಕ್ಕಾರ, ರೊಕ್ಕ ತುಂಬ್ರಿ.”

ರಕ್ತಪಿಶಾಚಿಗಳು ಬಿಸಿಲಿಗೆ ಸುಟ್ಟು ಬೂದಿಯಾಗುತ್ತಾರೆ ಅಂತ ಕೆಲವರು ಆಸೆ ಇಟ್ಟುಕೊಂಡಿರುತ್ತಾರೆ. ಅದು 1922ರ ಮೂಕಿ ಸಿನಿಮಾ ಹಬ್ಬಿಸಿದ್ದು. ಸ್ಟೋಕರನ ಡ್ರಾಕುಲಾ ಲಂಡನ್ನಿನ ಬೀದಿಯಲ್ಲಿ ಹಗಲಲ್ಲೇ ತಿರುಗುತ್ತಾನೆ, ಹಗಲು ಶಕ್ತಿ ಕಡಿಮೆ ಅಷ್ಟೆ. ನಮ್ಮ ವಸೂಲಿಯವರಿಗೆ ಅದೂ ಕಡಿಮೆ ಆಗುವುದಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಹೆಲ್ಮೆಟ್ ಕೂಡ ಇಲ್ಲದೆ ಹಳ್ಳಿ ಹಳ್ಳಿ ಸುತ್ತುತ್ತಾರೆ. ಪಾಪ, ಅವರಿಗೂ ಟಾರ್ಗೆಟ್ ಇದೆ.

ಪೂರ್ವ ಯುರೋಪಿನ ಜನರಿಗೆ ಇನ್ನೊಂದು ಉಪಾಯ ಗೊತ್ತಿತ್ತು. ಗೋರಿ ಹತ್ತಿರವೋ ದಾರಿಯಲ್ಲೋ ಕಾಳು ಚೆಲ್ಲುವುದು. ಪಿಶಾಚಿಗೆ ಒಂದೊಂದೇ ಕಾಳು ಎಣಿಸದೆ ಮುಂದೆ ಹೋಗಲು ಆಗುವುದಿಲ್ಲ, ಅಷ್ಟರಲ್ಲಿ ಬೆಳಗಾಗುತ್ತದೆ. ನಮಗೆ ಇದು ಸುಲಭ, ಕಲಬುರಗಿ ಅಂದರೆ ತೊಗರಿ ಕಣಜ ಅಲ್ವಾ, 2019ರಲ್ಲಿ ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ರೂಢಿಯೂ ಇದೆ. ಆದರೆ ಮಳೆ ಜಾಸ್ತಿಯಾದ ವರ್ಷ ತೊಗರಿ ಹೊಲದಲ್ಲೇ ಕೊಳೆಯುತ್ತದೆ, ಚೆಲ್ಲಲು ಕಾಳು ಎಲ್ಲಿಂದ ತರೋಣ? ಬೆಳೆ ಹಾನಿ ಸಮೀಕ್ಷೆಗೆ ಬರುವವರಿಗಾದರೂ ಆ ಎಣಿಸುವ ಚಟ ಇದ್ದಿದ್ದರೆ ಚೆನ್ನಾಗಿತ್ತು. ರಸ್ತೆ ಬದಿಯಿಂದ ಒಂದು ಫೋಟೊ ತೆಗೆದು ಹೋಗಿಬಿಡುತ್ತಾರೆ.

ಸರ್ಕಾರ ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. 2025ರ ಫೆಬ್ರುವರಿಯಲ್ಲಿ ಈ ಸಾಲ ವಸೂಲಿ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ ಸಹಿ ಹಾಕಿದರು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಪರವಾನಗಿ, ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಮನ್ನಾ. ಬಹಳ ಸಂತೋಷ. ಪರವಾನಗಿ ಇರುವವನು ಕಚ್ಚಿದರೆ? ಕುತ್ತಿಗೆ ಹಿಡಿದವನನ್ನು ನಿಲ್ಲಿಸಿ “ಅಣ್ಣಾ, ನೋಂದಣಿ ಸಂಖ್ಯೆ ತೋರಿಸು” ಅನ್ನಬೇಕಾ? ಡ್ರಾಕುಲಾನೂ ಕಾಗದಪತ್ರದ ಮನುಷ್ಯನೇ. ವಕೀಲನನ್ನು ಕೋಟೆಗೇ ಕರೆಸಿಕೊಂಡು, ಲಂಡನ್ನಿನ ಮನೆಯನ್ನು ಕಾನೂನು ಪ್ರಕಾರ ಖರೀದಿ ಮಾಡಿದವನು.

ಇಂಥ ಆದೇಶ ಹೊಸದೇನಲ್ಲ. 1732ರಲ್ಲಿ ಸರ್ಬಿಯಾದ ಒಂದು ಹಳ್ಳಿಯಲ್ಲಿ ಆಸ್ಟ್ರಿಯಾ ಸೇನೆಯ ವೈದ್ಯರು ಗೋರಿ ಅಗೆಸಿ, ಹೆಣ ನೋಡಿ, ಸಹಿ ಹಾಕಿದ ವರದಿ ಕೊಟ್ಟಿದ್ದರು. ಪಿಶಾಚಿಯ ಪಂಚನಾಮೆ! ರೋಗ ಬಂದು ಜನ ಸಾಯುತ್ತಿದ್ದರು, ಅದಕ್ಕೆ ಕಾರಣ ಸತ್ತವರು ಅಂತ ಊರೆಲ್ಲ ನಂಬಿತ್ತು. 1755ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತನ್ನ ವೈದ್ಯನಿಂದ ವರದಿ ಪಡೆದು, ಹೆಣ ಅಗೆಯುವುದು, ಸುಡುವುದು ನಿಲ್ಲಿಸಿ ಅಂತ ಆಜ್ಞೆ ಹೊರಡಿಸಿದಳು. ಅವಳ ಕೆಲಸ ಹಗುರ, ಯಾಕೆಂದರೆ ಗೋರಿಯಲ್ಲಿ ಪಿಶಾಚಿ ಇರಲೇ ಇಲ್ಲ.

ಆ ಕಥೆಗಳಲ್ಲಿ ಎದ್ದು ಬಂದವನು ಮೊದಲು ಹಿಡಿಯುತ್ತಿದ್ದುದು ತನ್ನ ಮನೆಯವರನ್ನು, ಅಕ್ಕಪಕ್ಕದವರನ್ನು. ಕಚ್ಚಿಸಿಕೊಂಡವರು ಮತ್ತೊಬ್ಬರನ್ನು ಕಚ್ಚುತ್ತಿದ್ದರು. ನಮ್ಮ ಗುಂಪು ಸಾಲದಲ್ಲೂ ಹಾಗೇ. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಬೇಕು. ಅದಕ್ಕೇ ಬೆಳಗಿಂದ ಒಟ್ಟಿಗೆ ಕಳೆ ಕಿತ್ತವರೇ ಸಂಜೆ ಅವಳ ಮನೆ ಮುಂದೆ ಕೂತು ಬಯ್ಯುತ್ತಾರೆ. ಇದನ್ನು ಯೋಚಿಸಿ ಕಂಡುಹಿಡಿದವನು ಯಾರೋ, ಅವನಿಗೆ ರಕ್ತದ ರುಚಿ ಗೊತ್ತಿದ್ದಿರಲೇಬೇಕು.

ತಮಾಷೆ ಸಾಕು. ಆಸ್ಪತ್ರೆ ಖರ್ಚಿಗೆ, ಬೀಜ ಗೊಬ್ಬರಕ್ಕೆ, ಮಗಳ ಮದುವೆಗೆ ಸಾಲ ಮಾಡಿದ ಹೆಂಗಸರು ಇವರು. ಬ್ಯಾಂಕಿಗೆ ಹೋದರೆ ಕೂರಿಸಿ ಮಾತಾಡಿಸುವವರಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮೂರನೆಯದು. ಮಕ್ಕಳ ಎದುರು ಬಯ್ಗುಳ. ಯಾರಾದರೂ ಸತ್ತ ಮೇಲೆ ಎಲ್ಲರೂ ಬರುತ್ತಾರೆ, ಕ್ಯಾಮೆರಾ ಬರುತ್ತದೆ, ಪರಿಹಾರದ ಮಾತು ಬರುತ್ತದೆ. ಅದಕ್ಕೂ ಮೊದಲು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವಳಿಗೆ “ಸಾಲ ತಗೊಂಡಿದ್ದು ನೀನೇ ಅಲ್ಲೇನವ್ವ” ಅಂದು ಕಳಿಸಿದರೆ, ಆ 10 ವರ್ಷದ ಜೈಲು ಯಾರಿಗೆ, ಯಾವ ಕಾಲಕ್ಕೆ?

ಇನ್ನು ಉಳಿದಿದ್ದು ಗುಳೆ. ಮನೆಗೆ ಬೀಗ ಹಾಕಿ ಪುಣೆಗೋ ಮುಂಬೈಗೋ ಹೋಗುವುದು. ಡ್ರಾಕುಲಾ ಹರಿಯುವ ನೀರನ್ನು ಯಾವಾಗೆಂದರೆ ಆಗ ದಾಟಲಾರ, ಸಮುದ್ರದ ಭರತ ಇಳಿತ ನೋಡಿಕೊಂಡೇ ದಾಟಬೇಕು. ವಸೂಲಿಯವರಿಗೆ ಭೀಮಾ ನದಿ ಲೆಕ್ಕವೇ ಅಲ್ಲ. ಪುಣೆಯ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿರುವವಳ ಫೋನಿಗೆ ವಿಡಿಯೊ ಕಾಲ್ ಮಾಡಿ, ನಿಜವಾಗಲೂ ಅಲ್ಲೇ ಇದ್ದೀಯಾ ತೋರಿಸು ಅನ್ನುತ್ತಾರೆ.